ಶುಕ್ರವಾರದ ಹೊಸ್ತಿಲು

ಮಗಳು ದುಡಿಯುತ್ತಿದ್ದಾಳೆ, ಆದ್ದರಿಂದ ಅಪ್ಪ ಉಪವಾಸ ಬೀಳುವುದಿಲ್ಲ, ಆದ್ದರಿಂದ ಅಪ್ಪನಿಗೆ ಸರ್ಕಾರದ ಭತ್ಯೆ ಬೇಕಿಲ್ಲ. ಇಷ್ಟು ಸಲೀಸಾದ ಲೆಕ್ಕ ಹಾಕುವುದಕ್ಕೆ ಲಂಡನ್ನಿನಲ್ಲಿ ಎಷ್ಟು ಜನ ದೊಡ್ಡವರು ಎಷ್ಟು ದಿನ ತಲೆ ಕೆಡಿಸಿಕೊಂಡಿದ್ದರೋ ಮಾರ್ತಾಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದುದು ಇಷ್ಟೇ: ಕ್ರಿಸ್ಮಸ್ಸಿಗೆ ಮುಂಚಿನ ಗುರುವಾರ ಅವಳ ಗಂಡ ವಾಲ್ಟರ್ ಭತ್ಯೆಯ ಕಚೇರಿಯಲ್ಲಿ ಸಾಲು ನಿಂತು ಮನೆಗೆ ಬಂದವನು, ಟೋಪಿಯನ್ನೂ ತೆಗೆಯದೆ ಒಲೆಯ ಮುಂದೆ ಕೂತುಬಿಟ್ಟ.

"ಎಷ್ಟು ಕೊಟ್ರು?"

"ನಿಲ್ಲಿಸಿದ್ರು."

"ನಿಲ್ಲಿಸಿದ್ರು ಅಂದ್ರೆ?"

"ನಿಲ್ಲಿಸಿದ್ರು ಅಂದ್ರೆ ನಿಲ್ಲಿಸಿದ್ರು ಕಣೇ. ಐವಿಗೆ ಬಿಸ್ಕತ್ತು ಕಾರ್ಖಾನೇಲಿ ಸಂಬಳ ಬರುತ್ತೆ, ಅಮ್ಮನಿಗೆ ಮುದುಕರ ಪಿಂಚಣಿ ಬರುತ್ತೆ. ಇಷ್ಟಿದ್ರೆ ಸಾಕಂತೆ. ನನ್ನ ಮಗಳು ನನ್ನ ಸಾಕ್ಬೇಕಂತೆ."

ಮೂಲೆಯ ಕುರ್ಚಿಯಲ್ಲಿ ಕಾಲುಚೀಲ ಹೊಲಿಯುತ್ತಿದ್ದ ವಾಲ್ಟರನ ತಾಯಿ ತಬಿತಾ ತಲೆಯೆತ್ತಿದಳು. "ನನ್ನ ಪಿಂಚಣೀನೂ ಲೆಕ್ಕ ಹಿಡಿದ್ರಾ? ಸತ್ತ ಮೇಲೆ ಪೆಟ್ಟಿಗೆಗೆ ಹೊಡೆಯೋ ಮೊಳೇನೂ ಲೆಕ್ಕ ಹಿಡೀತಾರೇನೋ ಕೇಳಬೇಕಿತ್ತು."

ಲ್ಯಾಂಕಾಶೈರಿನ ಆ ಊರಿನಲ್ಲಿ ಹುಟ್ಟಿದವರು ಮಗ್ಗಕ್ಕೇ ಹುಟ್ಟಿದವರು. ವಾಲ್ಟರ್ ಗ್ರಿಮ್ಷಾ ಮೀಸೆ ಮೂಡುವ ಮುಂಚೆ ಮಿಲ್ಲು ಸೇರಿ, ತಾನು ಎಂದೂ ಕಾಣದ ಹಿಂದೂಸ್ತಾನದ ಗಂಡಸರು ಉಡುವ ಧೋತಿಗಳನ್ನು ನೇಯ್ದವನು. ನಿಮ್ಮ ಬಟ್ಟೆ ನಮಗೆ ಬೇಡ, ನಮ್ಮದನ್ನು ನಾವೇ ನೇಯ್ದುಕೊಳ್ಳುತ್ತೇವೆ ಎಂದು ಹಿಂದೂಸ್ತಾನದವರು ಹೇಳಿದರು. ಜಪಾನಿನವರು ಅಗ್ಗಕ್ಕೆ ಮಾರಿದರು. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತು. ಎಲ್ಲ ಸೇರಿ ಕೊನೆಗೆ ಆಲ್ಮಾ ಬೀದಿಯ ತುದಿಯಲ್ಲಿದ್ದ ಮಿಲ್ಲಿನ ಚಿಮಣಿಯಲ್ಲಿ ಹೊಗೆ ನಿಂತಿತು. ಬೀದಿಯ ಗಂಡಸರೆಲ್ಲ ಜೇಬಿನಲ್ಲಿ ಕೈಯಿಟ್ಟುಕೊಂಡು ಗೋಡೆಗೆ ಒರಗಿದರು. ಸರ್ಕಾರ ಕೈ ಬಿಡಲಿಲ್ಲ, ಭತ್ಯೆ ಕೊಟ್ಟಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಊರಿಗೊಂದು ಸಮಿತಿ ಕೂತಿತು, ಸಮಿತಿಯ ಪರವಾಗಿ ದುಂಡನೆಯ ಬೌಲರ್ ಟೋಪಿ ಹಾಕಿದ ತನಿಖೆಯವನೊಬ್ಬ ಮನೆಮನೆಗೆ ನುಗ್ಗಿ ಯಾರ ತಟ್ಟೆಯಲ್ಲಿ ಏನಿದೆ ಎಂದು ನೋಡತೊಡಗಿದ.

ಸಂಬಳದ ಲಕೋಟೆಯನ್ನು ಒಡೆಯದೆ ತಾಯಿಯ ಕೈಗೆ ಕೊಡುವುದು ಆ ಕಡೆಯ ಮಕ್ಕಳ ಪದ್ಧತಿ. ಅಮ್ಮ ಅದರಲ್ಲಿ ಎತ್ತಿ ಕೈಖರ್ಚಿಗೆ ಕೊಡಬೇಕು. ಐವಿ ಶಾಲೆ ಬಿಟ್ಟಾಗಿನಿಂದ ಹಾಗೇ ಮಾಡಿಕೊಂಡು ಬಂದವಳು. ಈಗ ಶುಕ್ರವಾರ ಸಂಜೆ ಮಾರ್ತಾ ಅದೇ ಲಕೋಟೆಯಿಂದ ಮಗಳ ಮುಂದೆ ಒಂದಿಷ್ಟು, ಗಂಡನ ಮುಂದೆ ಒಂದಿಷ್ಟು ಚಿಲ್ಲರೆ ಇಡಬೇಕಾಯಿತು. ವಾಲ್ಟರ್ ಅದನ್ನು ಮುಟ್ಟುತ್ತಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಮೇಜು ಖಾಲಿಯಾಗಿರುತ್ತಿತ್ತು. ಆಮೇಲೆ ಅವನ ಪೈಪಿನಿಂದ ಹೊಗೆ ಬರುತ್ತಿತ್ತು.

ಜನವರಿ ಕಳೆಯುವುದರೊಳಗೆ ಮನೆಯಲ್ಲಿ ಮಾತು ಕಡಿಮೆಯಾಯಿತು, ಸಿಡುಕು ಜಾಸ್ತಿಯಾಯಿತು. ಬ್ರೆಡ್ಡಿನ ಮೇಲೆ ಸವರುವುದಕ್ಕೆ ಹುರಿದ ಮಾಂಸದ ಜಿಡ್ಡು, ಭಾನುವಾರಕ್ಕೆ ಮೂಳೆ ಹಾಕಿದ ಆಲೂಗಡ್ಡೆ ಸಾರು. ಒಂದು ಸಂಜೆ ಐವಿ ಬೂಟು ಬಿಚ್ಚಿ, ತೂತು ಬಿದ್ದ ಅಟ್ಟೆಯೊಳಗಿಂದ ಒದ್ದೆ ರಟ್ಟಿನ ಚೂರು ಎಳೆದಳು.

"ಅಮ್ಮ, ಈ ವಾರ ಅಟ್ಟೆ ಹಾಕಿಸ್ಲಾ?"

"ಮುಂದಿನ ವಾರ ನೋಡೋಣ ಕಣೇ."

"ಹೋದ ವಾರಾನೂ ಅದೇ ಅಂದೆ."

"ನಂದು ತಗೋ," ಎಂದ ವಾಲ್ಟರ್ ಮುಖ ತಿರುಗಿಸದೆ. "ನಾನು ಬೂಟು ಹಾಕ್ಕೊಂಡು ಎಲ್ಲಿಗೆ ಹೋಗಬೇಕಾಗಿದೆ?"

"ನಾನು ಹಾಗಂದ್ನಾ ಅಪ್ಪ?"

"ಬಾಯಿಬಿಟ್ಟು ಅನ್ನಬೇಕಾ?"

"ನೋಡು, ಇದೇ! ಮನೇಲಿ ಉಸಿರು ಬಿಟ್ರೂ ನಿನಗೆ ಅಂದ ಹಾಗೇನೇ!"

"ಸಾರು ಆರ್ತಾ ಇದೆ," ಎಂದಳು ತಬಿತಾ. "ಬಿಸಿ ಇದ್ದಾಗ ತಿಂದು ಆಮೇಲೆ ಕಚ್ಚಾಡಿ. ಅಷ್ಟಾದರೂ ಶಕ್ತಿ ಬರುತ್ತೆ."

ಉಪಾಯ ಹೊಳೆದದ್ದೂ ತಬಿತಾಳಿಗೇ. ಫೆಬ್ರವರಿಯ ಒಂದು ಬೆಳಗ್ಗೆ ಗಂಜಿ ಉಣ್ಣುತ್ತಾ, "ಇವಳು ಮನೆ ಬಿಟ್ಟು ಹೋದರೆ?" ಎಂದಳು.

ಮಾರ್ತಾ ಬೆಚ್ಚಿದಳು. "ಏನ್ ಮಾತೂಂತ ಆಡ್ತೀರತ್ತೆ!"

"ಇದೇ ಊರಲ್ಲಿ ಇರ್ಲಿ ಅಂದೆ. ಚರ್ಚಿನ ಹಿಂದೆ ಆ ವಿಧವೆ ರೂಮು ಕೊಡ್ತಾಳಲ್ಲ, ಅಲ್ಲಿ. ಹುಡುಗಿ ಮನೇಲಿಲ್ಲ ಅಂದಮೇಲೆ ಅವಳ ಸಂಬಳಾನೂ ಲೆಕ್ಕಕ್ಕಿಲ್ಲ. ವಾಲ್ಟರನ ಭತ್ಯೆ ವಾಪಸ್ಸು ಬರುತ್ತೆ. ಮೇಲಿನ ಬೀದೀಲಿ ಇಬ್ಬರು ಹಾಗೆ ಮಾಡಿದಾರೆ."

"ಅವರನ್ನ ಹಿಡಿದುಹಾಕಿದ್ರಲ್ಲ ಅಜ್ಜಿ," ಎಂದಳು ಐವಿ. "ಬೇಕೂಂತಲೇ ಕಳಿಸಿದೀರಿ ಅಂತ."

"ಅವರು ನಗ್ತಾ ನಗ್ತಾ ಕಳಿಸಿದ್ರು, ಅದಕ್ಕೆ ಸಿಕ್ಕಿಬಿದ್ರು. ನಾವು ಜಗಳ ಆಡಿ ಕಳಿಸೋಣ. ಬೀದಿಗೆ ಬೀದೀನೇ ಸಾಕ್ಷಿ ಹೇಳೋ ಹಾಗೆ. ಎದುರುಮನೆ ಲಿಜ್ಜಿ ಕ್ಲೆಗ್ ಕಿವಿಗೆ ಬಿದ್ರೆ ಸಾಕು, ಡಂಗುರ ಬೇರೆ ಬೇಕಾಗಿಲ್ಲ."

ಯಾರೂ ಬೇಡ ಎನ್ನಲಿಲ್ಲ. ಐವಿಯ ಮುಖದಲ್ಲಿ ಸಣ್ಣ ಆಸೆಯೊಂದು ಸುಳಿದದ್ದನ್ನು ಮಾರ್ತಾ ನೋಡಿದಳು. ತಾಯಿಗೆ ಅದು ಚುರ್ರೆಂದಿತು. ಆದರೆ ಹುಡುಗಿಯದ್ದಾದರೂ ತಪ್ಪೇನು? ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತು?

ಜಗಳದ ತಾಲೀಮು ಅಡುಗೆಮನೆಯಲ್ಲೇ ನಡೆಯಿತು. ಐವಿ ಡ್ಯಾನ್ಸಿಗೆ ಹೋದಳೆಂದು ಅಪ್ಪ ರೇಗಬೇಕು, ಐವಿ ಎದುರುತ್ತರ ಕೊಡಬೇಕು, ಅಪ್ಪ ಪೆಟ್ಟಿಗೆಯನ್ನು ಬೀದಿಗೆ ಎಸೆಯಬೇಕು, ಮಾರ್ತಾ ಅಳಬೇಕು. ಇದು ತಬಿತಾ ಹೇಳಿಕೊಟ್ಟ ಪಾಠ.

"ಐವಿ," ಎಂದ ವಾಲ್ಟರ್, ಎದ್ದು ನಿಂತು, ಕೋಟಿನ ಗುಂಡಿ ಹಿಡಿದುಕೊಂಡು. "ನೀನು... ಡ್ಯಾನ್ಸಿಗೆ ಹೋಗಿದ್ದು ನನಗೆ ಸರಿ ಕಾಣಲಿಲ್ಲ."

"ಅಯ್ಯೋ ನನ್ನ ಹಣೆಬರಹವೇ!" ತಬಿತಾ ಹಣೆ ಚಚ್ಚಿಕೊಂಡಳು. "ಪಾದ್ರಿ ಮದುವೆ ಪ್ರಕಟಣೆ ಓದೋ ಹಾಗೆ ಬೈತೀಯಲ್ಲೋ. ಬಾಯಿ ತುಂಬ ಬಯ್ಯೋ!"

"ಹೆತ್ತ ಮಗಳನ್ನ ಹೇಗಮ್ಮ ಬಯ್ಯೋದು ಸುಮ್ಸುಮ್ನೆ?"

ಐವಿಗೆ ನಗು ಉಕ್ಕಿತು. ವಾಲ್ಟರನೂ ನಕ್ಕ. ಕ್ರಿಸ್ಮಸ್ಸಿನಿಂದೀಚೆಗೆ ಅಪ್ಪ ಮಗಳು ಒಟ್ಟಿಗೆ ನಕ್ಕದ್ದು ಅದೊಂದೇ ಸಲ. ಮಾರ್ತಾ ಅದನ್ನು ಆಮೇಲೆ ಬಹಳ ದಿನ ನೆನೆಸಿಕೊಂಡಳು.

ಶನಿವಾರ ಮಧ್ಯಾಹ್ನ ಕಾರ್ಖಾನೆ ಬಿಡುವ ಹೊತ್ತು. ಕರಿದ ಮೀನಿನಂಗಡಿಯ ಮುಂದೆ ಬೋಗುಣಿ ಹಿಡಿದುಕೊಂಡು ಅರ್ಧ ಬೀದಿ ನಿಂತಿತ್ತು. ವಾಲ್ಟರ್ ಮುಂಬಾಗಿಲು ತೆರೆದು ತಗಡಿನ ಪೆಟ್ಟಿಗೆಯನ್ನು ಹೊರಗೆ ನೂಕಿದ.

"ನನ್ನ ಮನೇಲಿದ್ದು ಕುಣಿಯೋಕೆ ಹೋಗೋ ಹುಡುಗಿ ನನಗೆ ಬೇಡ!" ಎಂದು ಕೂಗಿದ. ಪರವಾಗಿಲ್ಲ, ಚೆನ್ನಾಗಿಯೇ ಕೂಗಿದ.

"ನಾನೂ ಒಂದು ದಿನ ಇರಲ್ಲ ಇಲ್ಲಿ!" ಎಂದಳು ಐವಿ. ಅಲ್ಲಿಗೆ ಅವಳ ಪಾಠ ಮುಗಿದಿತ್ತು. ಪೆಟ್ಟಿಗೆ ಎತ್ತಿಕೊಂಡು ಹೋಗಬೇಕಿತ್ತು.

"ನನ್ನ ಮನೆ ಇದು. ನಾನು ಹೇಳಿದ ಹಾಗೆ ನಡೀಬೇಕು," ಎಂದ ವಾಲ್ಟರ್. ಸಾಲಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದ್ದರು. ಎರಡು ವರ್ಷದ ಮೇಲೆ ಅವನ ಮಾತಿಗೆ ಜನ ಕಿವಿಗೊಟ್ಟದ್ದು, ಪಾಪ, ಅವನ ತಲೆಗೇರಿತೋ ಏನೋ.

ಐವಿ ಪೆಟ್ಟಿಗೆ ಕೆಳಗಿಟ್ಟಳು. "ನಿನ್ನ ಮನೇನಾ? ಬಾಡಿಗೆ ಯಾರು ಕಟ್ತಿರೋದು?"

ಇದು ಪಾಠದಲ್ಲಿರಲಿಲ್ಲ.

"ಏನಂದೆ?"

"ಕೇಳಿಸಿತಲ್ಲ. ಬಾಡಿಗೆ ನಂದು. ನಿನ್ನ ಬಾಯಲ್ಲಿರೋ ಪೈಪಿನ ಹೊಗೆಸೊಪ್ಪು ನಂದು. ಕ್ರಿಸ್ಮಸ್ಸಿನಿಂದ ನಂದೇ ತಿಂತಾ ಇದೀಯ, ಮೇಲೆ ನನ್ನ ಮುಖ ನೋಡೋಕೂ ಆಗಲ್ಲ ನಿನಗೆ!"

ವಾಲ್ಟರ್ ಬಾಯಿಂದ ಪೈಪು ತೆಗೆದ. ಅದನ್ನು ಚರಂಡಿಗೆ ಎಸೆದ. ಆಮೇಲೆ ಕೂಗದೆ, ಮಾಮೂಲು ದನಿಯಲ್ಲಿ ಹೇಳಿದ. "ನಿನ್ನ ಕೈಯ ಅನ್ನ ತಿನ್ನೋ ಬದಲು ನೀನು ಹುಟ್ಟದೇ ಇದ್ದಿದ್ರೆ ಚೆನ್ನಾಗಿತ್ತು."

ಮಾರ್ತಾಳಿಗೆ ಅಳುವ ಪಾತ್ರವಿತ್ತಲ್ಲ, ಅವಳು ಅತ್ತಳು; ಅದಕ್ಕೆ ತಾಲೀಮು ಬೇಕಾಗಿರಲಿಲ್ಲ. ಐವಿ ಪೆಟ್ಟಿಗೆ ಹೊತ್ತು ಮೂಲೆ ತಿರುಗಿದಳು. ಹಿಂದಿರುಗಿ ನೋಡಲಿಲ್ಲ.

ಒಳಗೆ ಬಂದ ಮೇಲೆ ತಬಿತಾ, "ಭೇಷ್, ಒಳ್ಳೆ ಆಟ ಆಡಿದ್ರಿ," ಎಂದಳು. ಅವಳ ದನಿಯೂ ಎಂದಿನ ಹಾಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಆಟದ ಮಾತು ಎಂದು ಅಪ್ಪನಾಗಲಿ ಮಗಳಾಗಲಿ ಒಮ್ಮೆ ಹೇಳಿದ್ದರೆ ಸಾಕಿತ್ತು. ಇಬ್ಬರೂ ಹೇಳಲಿಲ್ಲ, ಯಾಕೆಂದರೆ ಇಬ್ಬರಿಗೂ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಬೌಲರ್ ಟೋಪಿಯವನು ಬಂದ. ಮಹಡಿ ಹತ್ತಿ, ತಬಿತಾಳ ಹಾಸಿಗೆಯಲ್ಲಿ ಐವಿ ಮಲಗುತ್ತಿದ್ದ ಅರ್ಧ ಖಾಲಿಯಾಗಿದ್ದುದನ್ನು ನೋಡಿದ. ಅಡುಗೆಮನೆಯಲ್ಲಿ ಕೊಕ್ಕೆಗಳಿಗೆ ನೇತು ಹಾಕಿದ್ದ ಲೋಟಗಳನ್ನು ನೋಡಿದ.

"ಮನೇಲಿರೋರು ಮೂರು ಜನ. ಲೋಟ ನಾಲ್ಕಿದೆಯಲ್ಲಾ?"

ಅಂಚು ಮುಕ್ಕಾದ ಆ ನೀಲಿ ಲೋಟ ಐವಿಯದು. ತಬಿತಾ ತಟ್ಟನೆ, "ನನ್ನ ಹಲ್ಲಿನ ಸೆಟ್ಟು ನೆನೆಹಾಕೋಕೆ ಸ್ವಾಮಿ. ತಂದು ತೋರಿಸ್ಲಾ?" ಎಂದಳು.

"ಬೇಡಿ, ಬೇಡಿ."

ಹೊರಡುವಾಗ ಅವನು, "ನೀವು ಕೂತೇ ಇದೀರಲ್ಲ, ಹುಷಾರಿಲ್ವಾ?" ಎಂದು ಕೇಳಿದ. ದನಿಯಲ್ಲಿ ಸ್ವಲ್ಪ ಕನಿಕರ ಇದ್ದಂತಿತ್ತು. ಔಷಧಿಗೆಂದು ಒಂದಿಷ್ಟು ಹೆಚ್ಚು ಸಿಕ್ಕರೆ ಸಿಗಲಿ ಎಂದು ಮಾರ್ತಾ ತನ್ನ ಕಷ್ಟ ತೋಡಿಕೊಂಡಳು. "ಮಂಡಿ ಹಿಡಿದುಬಿಟ್ಟಿದೆ ಸ್ವಾಮಿ. ಕೆಳಗೆ ಕೂತರೆ ಏಳೋಕಾಗಲ್ಲ. ವರ್ಷವಾಯ್ತು ಮಂಡಿ ಊರಿ." ಅವನು ತಲೆಯಾಡಿಸಿದ. ಹೆಚ್ಚು ಏನೂ ಸಿಗಲಿಲ್ಲ, ಆದರೆ ಆ ಮಾತು ಅವನ ತಲೆಯಲ್ಲಿ ಉಳಿಯಿತು.

ಎದುರುಮನೆಗೆ ಹೋದಾಗ ಲಿಜ್ಜಿ ಕ್ಲೆಗ್ ಅವನಿಗೆ ಜಗಳವನ್ನು ನಡೆದದ್ದಕ್ಕಿಂತ ಚೆನ್ನಾಗಿ ಹೇಳಿದಳು. ಅವಳ ಹೇಳಿಕೆಯಲ್ಲಿ ವಾಲ್ಟರ್ ಒಲೆಯ ಕಬ್ಬಿಣದ ಕಡ್ಡಿಯನ್ನೂ ಎತ್ತಿದ್ದ. ಮುಂದಿನ ಗುರುವಾರ ಭತ್ಯೆ ಬಂತು. ಆ ಭಾನುವಾರ ಮಾರ್ತಾ ಮಾಂಸ ಹಾಕಿ ಆಲೂಗಡ್ಡೆಯ ಪೈ ಮಾಡಿದಳು. ಮೂವರೇ ಕೂತು ತಿಂದರು. ನೀಲಿ ಲೋಟವನ್ನು ಅವಳು ಕೊಕ್ಕೆಯಿಂದ ತೆಗೆದು, ನೆಂಟರಿಗೆಂದು ಇಟ್ಟಿದ್ದ ಗುಲಾಬಿ ಹೂವಿನ ಕಪ್ಪು-ಬಸಿಗಳ ಮುಂದೆ, ಬೀರುವಿನಲ್ಲಿ ಮುಚ್ಚಿಟ್ಟಳು.

ಹೀಗೆ ಎಲ್ಲ ಸರಿಹೋಗುತ್ತಿತ್ತು, ಆ ಹೊಸ್ತಿಲೊಂದು ಇಲ್ಲದಿದ್ದರೆ.

ಆಲ್ಮಾ ಬೀದಿಯ ಹೆಂಗಸರು ಶುಕ್ರವಾರ ಮುಂಬಾಗಿಲ ಕಲ್ಲಿನ ಹೊಸ್ತಿಲನ್ನು ತೊಳೆದು, ಅಂಚಿಗೆ ಬಿಳಿಕಲ್ಲು ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. ಹಳೇ ಚಿಂದಿ ಕೊಟ್ಟರೆ ಗಾಡಿಯವನು ಬಿಳಿಕಲ್ಲು ಕೊಡುತ್ತಿದ್ದ. ಆ ಬಾಗಿಲಿಂದ ಮನೆಯವರು ಓಡಾಡುತ್ತಿರಲಿಲ್ಲ. ಮನೆಯವರದೇನಿದ್ದರೂ ಹಿತ್ತಿಲ ಬಾಗಿಲು. ಮುಂಬಾಗಿಲು ಡಾಕ್ಟರಿಗೆ, ಪಾದ್ರಿಗೆ, ನೆಂಟರಿಗೆ, ಹೆಣಕ್ಕೆ. ಈಚೆಗೆ ಬೌಲರ್ ಟೋಪಿಗೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ನಗುವವರು ನಗಲಿ. ಹೊಸ್ತಿಲು ಮಾಸಿತೆಂದರೆ ಆ ಮನೆ ಕೈಚೆಲ್ಲಿತು ಎಂದು ಬೀದಿಯ ತೀರ್ಮಾನ. ಮಾರ್ತಾಳ ಮಂಡಿ ಹಿಡಿದಾಗಿನಿಂದ ಐವಿ ಆ ಕೆಲಸ ಮಾಡುತ್ತಿದ್ದಳು.

ಐವಿ ಹೋದ ಮೇಲೆ ಮೊದಲ ಶುಕ್ರವಾರ ಕಳೆಯಿತು. ಎರಡನೆಯದಕ್ಕೆ ಹೊಸ್ತಿಲು ಮಸಿಯ ಬಣ್ಣಕ್ಕೆ ತಿರುಗಿತು. ಅಕ್ಕಪಕ್ಕದ ಬೆಳ್ಳನೆಯ ಹೊಸ್ತಿಲುಗಳ ನಡುವೆ ಅದು ಬಿದ್ದುಹೋದ ಹಲ್ಲಿನ ಜಾಗದಂತೆ ಕಾಣುತ್ತಿತ್ತು.

"ನಾನು ಉಜ್ಜಿಕೊಡ್ಲಾ ಮಾರ್ತಾ?" ಎಂದಳು ಲಿಜ್ಜಿ, ಬೀದಿಗೆಲ್ಲ ಕೇಳುವ ಹಾಗೆ. "ಕಷ್ಟ ಯಾರಿಗೆ ತಾನೆ ಬರಲ್ಲ ಹೇಳು."

ಮಾರ್ತಾ ಒಳಗೆ ಬಂದು ಗಂಡನ ಮುಂದೆ ನಿಂತಳು. "ಬೆಳಗಿಂದ ಸಂಜೆ ತನಕ ಸುಮ್ನೆ ಕೂತಿರ್ತೀಯಲ್ಲ. ಅದೊಂದು ಉಜ್ಜಿದ್ರೆ ಏನಾಗುತ್ತೆ?"

ವಾಲ್ಟರ್ ಪಾತ್ರೆ ತೊಳೆಯುತ್ತಿದ್ದ, ಕಲ್ಲಿದ್ದಲು ಹೊರುತ್ತಿದ್ದ, ಪರದೆ ಎಳೆದುಕೊಂಡು ಬಟ್ಟೆ ಕೂಡ ಹಿಂಡುತ್ತಿದ್ದ. ಆದರೆ ಇದಕ್ಕೆ ಅವನು ಹೆಂಡತಿಯನ್ನು ದುರುಗುಟ್ಟಿ ನೋಡಿದ. "ಬೀದೀಲಿ? ಹೆಂಗಸರ ಸಾಲಲ್ಲಿ ಮಂಡಿ ಊರಿ? ಕೆಲಸ ಕಿತ್ಕೊಂಡ್ರು, ಇನ್ನು ಪ್ಯಾಂಟೂ ಬಿಚ್ಚಿ ಲಂಗ ಹಾಕ್ಕೋ ಅಂತೀಯ."

"ಮಾಡೋದು ಬಿಡು. ಲಿಜ್ಜಿ ಉಜ್ಜಲಿ, ನಾನು ನೇಣು ಹಾಕ್ಕೋತೀನಿ," ಎಂದಳು ಮಾರ್ತಾ.

ಭಾನುವಾರ ಚರ್ಚಿನಲ್ಲಿ ಐವಿ ಹಿಂದಿನ ಬೆಂಚಿನಲ್ಲಿದ್ದಳು. ಮುಖ ಇಳಿದಿತ್ತು, ವಿಧವೆಯ ಮನೆಯ ಊಟ ಅಷ್ಟಕ್ಕಷ್ಟೇ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಹೊರಗೆ ಬರುವಾಗ ಮಾರ್ತಾ ಪ್ರಾರ್ಥನೆ ಪುಸ್ತಕದಲ್ಲಿ ಮುಖ ಇಟ್ಟುಕೊಂಡು ಪಿಸುಗುಟ್ಟಿದಳು. ಹೇಗಿದ್ದೀಯೆ, ಉಂಡೆಯಾ, ಅಪ್ಪನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೇಳಬೇಕಾದದ್ದು ಎಷ್ಟೋ ಇತ್ತು. ಬಾಯಿಗೆ ಬಂದದ್ದು ಇದು: "ಹೊಸ್ತಿಲು ಕರ್ರಗಾಗಿದೆ ಕಣೇ."

"ಸರಿ, ಬರ್ತೀನಿ ಬಿಡು," ಎಂದಳು ಐವಿ.

ಅಂದಿನಿಂದ ಶುಕ್ರವಾರ ಬೆಳಕು ಹರಿಯುವ ಮುಂಚೆ, ಕಿಟಕಿ ಬಡಿದು ಬೀದಿಯನ್ನು ಎಬ್ಬಿಸುವ ಮುದುಕ ಬರುವುದಕ್ಕೂ ಮೊದಲೇ, ಸದ್ದಾಗದಂತೆ ಬೂಟನ್ನು ಕೈಯಲ್ಲಿ ಹಿಡಿದು ಬರೀ ಕಾಲುಚೀಲದಲ್ಲಿ ಐವಿ ಬರುತ್ತಿದ್ದಳು. ಮಾರ್ತಾ ಬಾಗಿಲು ಓರೆ ಮಾಡಿ ಬಿಸಿನೀರಿನ ಬಕೆಟ್ಟು ಕೊಡುತ್ತಿದ್ದಳು.

"ಒಳಗೆ ಬಾರೇ. ಟೀ ಇದೆ."

"ಬೇಡ. ಯಾರಾದ್ರೂ ನೋಡ್ತಾರೆ."

"ಅಪ್ಪ ಕೇಳ್ತಿದ್ದ ನಿನ್ನ."

"ಏನಂತ ಕೇಳ್ದ?"

ವಾಲ್ಟರ್ ಏನೂ ಕೇಳಿರಲಿಲ್ಲ. ಮಹಡಿಯ ಮೇಲೆ ಅವನು ಎಚ್ಚರವಾಗಿಯೇ ಮಲಗಿರುತ್ತಾನೆಂದು ಅವಳಿಗೆ ಗೊತ್ತಿತ್ತು, ಮಂಚದ ಕಿರುಗುಟ್ಟುವಿಕೆಯಿಂದ. ಐವಿಗೂ ಗೊತ್ತಿದ್ದಿರಬೇಕು. ಅವಳು ತಲೆ ಬಗ್ಗಿಸಿ ಅಂಚಿಗೆ ಬಿಳಿ ಎಳೆದಳು, ಬೂಟು ಎತ್ತಿಕೊಂಡು ಹೋದಳು.

ಅವಳನ್ನು ಯಾರೂ ನೋಡಲಿಲ್ಲ. ಆದರೆ ಹೊಸ್ತಿಲನ್ನು ಎಲ್ಲರೂ ನೋಡಿದರು. ಇಷ್ಟು ಬುದ್ಧಿ ಓಡಿಸಿದ ಮನೆಯಲ್ಲಿ ಒಬ್ಬರಿಗೂ ಆ ಯೋಚನೆ ಬರಲಿಲ್ಲ ನೋಡಿ! ಆ ಬೀದಿಯಲ್ಲಿ ಹುಟ್ಟಿದವರಿಗೆ ಬೆಳ್ಳಗಿನ ಹೊಸ್ತಿಲು ಯಾವತ್ತಾದರೂ ತಪ್ಪಾಗಿ ಕಂಡೀತೇ?

ಏಪ್ರಿಲ್ ಕೊನೆಯ ಒಂದು ಶುಕ್ರವಾರ ಹೆಂಗಸರೆಲ್ಲ ಬಕೆಟ್ಟು ಹಿಡಿದು ಹೊರಗಿದ್ದಾಗ ಬೌಲರ್ ಟೋಪಿಯವನು ಬಂದ. ಬಾಗಿಲು ತಟ್ಟಿದವನು ಒಳಗೆ ಬರಲಿಲ್ಲ. ತಲೆ ಬಗ್ಗಿಸಿ ನೋಡುತ್ತಾ ನಿಂತ.

"ಚೆನ್ನಾಗಿದೆ," ಎಂದ. "ನಮ್ಮಮ್ಮನೂ ಹೀಗೇ ಉಜ್ತಿದ್ಲು. ಯಾರು ಮಾಡಿದ್ದು ಮಿಸೆಸ್ ಗ್ರಿಮ್ಷಾ?"

"ನಾನೇ."

"ಮಂಡಿ ಊರಿ ವರ್ಷವಾಯ್ತು ಅಂದಿದ್ರಿ."

"ಈಗ... ಈಗ ಸ್ವಲ್ಪ ವಾಸಿ."

"ಹಾಗಾದ್ರೆ ಒಂದು ಸಲ ಕೂತು ತೋರಿಸಿ. ನಿಮ್ಮ ಮಗಳು ಬಂದು ಹೋಗ್ತಾಳೆ, ಇಲ್ಲೇ ಇದಾಳೆ ಅಂತ ನಮಗೆ ದೂರು ಬಂದಿದೆ. ನಿಜವಾದರೆ ಭತ್ಯೆ ನಿಲ್ಲುತ್ತೆ, ತಗೊಂಡಿದ್ದೂ ವಾಪಸ್ಸು ಕಟ್ಟಬೇಕಾಗುತ್ತೆ. ಕೋರ್ಟಿಗೂ ಹೋಗಬಹುದು."

ಎದುರುಮನೆಯ ಲಿಜ್ಜಿ ಉಜ್ಜುವುದನ್ನು ನಿಲ್ಲಿಸಿದಳು. ಮಾರ್ತಾ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದಳು. ಒಂದು ಮಂಡಿ ನೆಲಕ್ಕೆ ಮುಟ್ಟುವುದರೊಳಗೆ ಕಣ್ಣಿಗೆ ಕತ್ತಲೆ ಬಂತು. ಹಲ್ಲು ಕಚ್ಚಿಕೊಂಡು ಇನ್ನೊಂದನ್ನೂ ಊರಲು ನೋಡಿದಳು.

"ಏಳು," ಎಂಬ ದನಿ ಹಿಂದಿನಿಂದ ಬಂತು. ವಾಲ್ಟರ್ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ ಒಳಗೆ ನಿಲ್ಲಿಸಿದ. "ಉಜ್ಜಿದ್ದು ನಾನು. ಅವಳಿಗೆ ಹೇಳ್ಕೊಳ್ಳೋಕೆ ನಾಚಿಕೆ, ಅದಕ್ಕೆ ಸುಳ್ಳು ಹೇಳಿದ್ಲು."

"ನೀವಾ?"

"ನಾನೇ. ಕೆಲಸ ಇಲ್ದೋನು ಇನ್ನೇನು ಮಾಡ್ಲಿ?"

"ಹಾಗಾದ್ರೆ," ಎಂದು ಅವನು ಬಾಗಿಲೊಳಗೆ ಬೆಳಗಿನ ಬಕೆಟ್ಟಿನ ಪಕ್ಕ ಬಿದ್ದಿದ್ದ ಬಿಳಿಕಲ್ಲನ್ನು ತೋರಿಸಿದ.

ವಾಲ್ಟರ್ ಟೋಪಿ ತೆಗೆದು ಮಾರ್ತಾಳ ಕೈಗಿತ್ತ. ತೋಳು ಮಡಿಸಿದ. ಬೀದಿಯ ಎರಡೂ ಬದಿಗೆ ಹೆಂಗಸರು, ಅವರಾಚೆ ಗೋಡೆಗೆ ಒರಗಿದ ಗಂಡಸರು, ಅವನೊಡನೆ ಮಗ್ಗದಲ್ಲಿ ನಿಂತವರು. ಅವರ ಮುಂದೆ ಅವನು ಎರಡೂ ಮಂಡಿ ಊರಿದ. ಬಟ್ಟೆ ಹಿಂಡಿ ಕಲ್ಲು ಒರೆಸಿದ. ಅಂಚಿನುದ್ದಕ್ಕೂ ಬಿಳಿ ಎಳೆದ, ಎಡದಿಂದ ಬಲಕ್ಕೆ, ಮೂಲೆಗೆ ಬಂದಾಗ ಕೈ ತಿರುಗಿಸಿ. ಐವಿ ಹೇಗೆ ಎಳೆಯುತ್ತಿದ್ದಳೋ ಹಾಗೆಯೇ. ಮಾರ್ತಾಳಿಗೆ ಆಗ ಅರ್ಥವಾಯಿತು. ಶುಕ್ರವಾರ ಬೆಳಗಿನ ಹೊತ್ತು ಮಂಚ ಕಿರುಗುಟ್ಟುತ್ತಿದ್ದುದು ಅವನು ಎದ್ದು ಮೇಲಿನ ಕಿಟಕಿಗೆ ಬಂದು ನಿಲ್ಲುತ್ತಿದ್ದುದರಿಂದ.

ಯಾರೋ ಒಬ್ಬ ಗಂಡಸು ಸಿಳ್ಳು ಹಾಕಿದ. ಯಾರೂ ನಗಲಿಲ್ಲ.

"ಸರಿ," ಎಂದ ಬೌಲರ್ ಟೋಪಿಯವನು. ನಾಚಿಕೆಯಾಗಿತ್ತೋ ಏನೋ, ಬೇಗ ಹೊರಟ. "ಆದರೆ ಹುಡುಗಿ ಈ ಕಡೆ ಸುಳಿದಾಡೋದು ಯಾರ ಕಣ್ಣಿಗಾದ್ರೂ ಬಿದ್ದರೆ ನಾನೇನೂ ಮಾಡೋಕಾಗಲ್ಲ."

ಐವಿಗೆ ಸುದ್ದಿ ಮುಟ್ಟಿಸಲು ತಬಿತಾ ಕೋಲೂರಿಕೊಂಡು ಚರ್ಚಿನ ಹಿಂದಿನ ಮನೆಗೆ ಹೋಗಿಬಂದಳು. ಸಂಜೆ ಊಟಕ್ಕೆ ಕೂತಾಗಲೂ ಬಾಯಿ ಬಿಡಲಿಲ್ಲ. ಅದು ಅವಳ ಜಾಯಮಾನವೇ ಅಲ್ಲ.

"ಏನಂದ್ಲು ಅತ್ತೆ?"

"ಬರಲ್ಲ ಅಂದ್ಲು. 'ಹೊಸ್ತಿಲಿಗೆ ಜನ ಸಿಕ್ಕಿದ್ರಲ್ಲ' ಅಂದ್ಲು."

"ಅಷ್ಟೇನಾ?"

ತಬಿತಾ ಮಗನ ಕಡೆ ನೋಡಿದಳು. "'ಅಪ್ಪ ಬೀದೀಲಿ ಮಂಡಿ ಊರಿದ್ನಾ?' ಅಂತ ಕೇಳಿದ್ಲು. ಹೌದು ಕಣೇ ಅಂದೆ, ಖುಷಿಯಾಗ್ತಾಳೆ ಅಂದ್ಕೊಂಡು. 'ನನ್ನ ಕರೆಯೋಕೆ ಒಂದು ಸಲ ಬೀದಿ ದಾಟಲಿಲ್ಲ ಅಜ್ಜಿ. ನಾನು ಮನೇಲಿಲ್ಲ ಅಂತ ತೋರಿಸೋಕೆ ಮಂಡಿ ಊರಿದ' ಅಂದ್ಲು."

ವಾಲ್ಟರ್ ಬ್ರೆಡ್ಡಿನ ತುಂಡನ್ನು ಸಾರಿನಲ್ಲಿ ಅದ್ದಿದ. ಬಾಯಿಗಿಟ್ಟುಕೊಂಡು ಅಗಿದು ನುಂಗಿದ. "ಸರಿಯಾಗೇ ಹೇಳಿದಾಳೆ," ಎಂದ.

ಅಲ್ಲಿಂದಾಚೆ ಶುಕ್ರವಾರ ಬಂದರೆ ವಾಲ್ಟರ್ ಹೊತ್ತೇರಿದ ಮೇಲೆ, ಬೀದಿಯೆಲ್ಲ ನೋಡುವಂತೆ, ಹೊಸ್ತಿಲು ಉಜ್ಜಲೇಬೇಕಾಯಿತು. ಹೇಳಿದ ಸುಳ್ಳನ್ನು ವಾರವಾರವೂ ನಿಜ ಮಾಡಬೇಕಲ್ಲ. ಲಿಜ್ಜಿ ಮೊದಮೊದಲು "ಏನ್ ವಾಲ್ಟರಕ್ಕ, ಈ ಸಲದ ಕಲ್ಲು ಚೆನ್ನಾಗಿದೆಯಾ?" ಎಂದು ಕೆಣಕುತ್ತಿದ್ದಳು. ಅವನು ತಲೆಯೆತ್ತದಿದ್ದಾಗ ಅವಳಿಗೂ ಬೇಜಾರಾಗಿ ಬಿಟ್ಟಳು. ಭತ್ಯೆ ತಪ್ಪದೆ ಬಂತು. ಪೈಪು ಮಾತ್ರ ಅವನು ಮತ್ತೆ ಕೊಳ್ಳಲಿಲ್ಲ.

ಮೇ ಕಳೆದು ವಿಟ್ ಭಾನುವಾರ ಬಂತು. ಊರವರೆಲ್ಲ ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂಧುಬಳಗದ ಮನೆಗೆ ಹೋಗಿಬರುವ ಹಬ್ಬ. ಮಾರ್ತಾ ಬೆಳಗ್ಗೆಯೇ ಹಿತ್ತಿಲ ಬಾಗಿಲಿನ ಚಿಲಕ ತೆಗೆದಿಟ್ಟಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಮುಂಬಾಗಿಲು ತಟ್ಟಿದ ಸದ್ದಾಯಿತು. ಮೂವರೂ ಮುಖಮುಖ ನೋಡಿಕೊಂಡರು.

"ಬೌಲರ್ ಟೋಪಿಗೆ ಹಬ್ಬಾನೂ ಇಲ್ವಾ?" ಎಂದು ತಬಿತಾ ಪೈ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು.

ಬಾಗಿಲಲ್ಲಿದ್ದವಳು ಐವಿ. ಬೂದು ಬಣ್ಣದ ಕೋಟು, ತಲೆಗೆ ಹ್ಯಾಟು, ಕಾಲಿಗೆ ಹೊಸ ಬೂಟು. ಬಿಳಿ ಅಂಚನ್ನು ತುಳಿಯದೆ, ಪರಸ್ಥಳದವರು ದಾಟುವಂತೆ ಕಾಲೆತ್ತಿ ಒಳಗೆ ಬಂದಳು.

"ಅಯ್ಯೋ, ಹಿಂದಿನ ಬಾಗಿಲು ತೆಗೆದೇ ಇತ್ತಲ್ಲೇ," ಎಂದಳು ಮಾರ್ತಾ.

"ಹಿಂದಿನಿಂದ ಬಂದ್ರೆ ಮನೆಯವಳು ಅಂತ ಯಾರಾದ್ರೂ ದೂರು ಹಾಕ್ತಾರಮ್ಮ. ಮುಂದಿನಿಂದ ಬಂದ್ರೆ ನೆಂಟಳು. ನೆಂಟರು ಬಂದಿದ್ದಕ್ಕೆ ಭತ್ಯೆ ಕಡಿಯಲ್ಲ."

ವಾಲ್ಟರ್ ಎದ್ದು ನಿಂತಿದ್ದ. ತನ್ನ ಕುರ್ಚಿಯನ್ನೇ ಅವಳ ಕಡೆ ಸರಿಸಿದ. "ಕೂತ್ಕೋ."

"ನೀನು ಕೂತ್ಕೋ ಅಪ್ಪ. ಜಾಸ್ತಿ ಹೊತ್ತು ಇರಲ್ಲ."

ಐವಿ ಹ್ಯಾಟು ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತಳು. ಬಿಸಿಲು ಚೆನ್ನಾಗಿದೆ ಎಂದಳು. ವಾಲ್ಟರ್ ಹೌದೆಂದ. ಕಾರ್ಖಾನೆಯಲ್ಲಿ ಕೆಲಸ ಹೇಗಿದೆ ಎಂದ. ಚೆನ್ನಾಗಿದೆ ಎಂದಳು. ಅಜ್ಜಿಯ ಕೆಮ್ಮು ವಿಚಾರಿಸಿದಳು. ಮಾರ್ತಾ ಸಂಭ್ರಮದಲ್ಲಿ ಕಾಲು ನೋವನ್ನೂ ಮರೆತು ಓಡಾಡಿ ಟೀ ಮಾಡಿದಳು, ಪೈ ಕತ್ತರಿಸಿದಳು, ಎಲ್ಲವನ್ನೂ ತಂದು ಮಗಳ ಮುಂದಿಟ್ಟಳು.

ಐವಿ ಟೀಯನ್ನು ನೋಡಿದಳು. ಆಮೇಲೆ ಗೋಡೆಯ ಕೊಕ್ಕೆಗಳನ್ನು ನೋಡಿದಳು. ಟೀ ಕುಡಿದು ಮುಗಿಸಿದಳು.

"ಹೊಸ್ತಿಲು ಚೆನ್ನಾಗಿ ಉಜ್ಜಿದೀಯ ಅಪ್ಪ," ಎಂದಳು ಏಳುತ್ತಾ.

"ನಿನ್ನ ನೋಡಿ ಕಲಿತಿದ್ದು," ಎಂದ ವಾಲ್ಟರ್. ಅಷ್ಟು ಹೇಳುವುದಕ್ಕೆ ಅವನಿಗೆ ಬಹಳ ಕಷ್ಟವಾಯಿತು. ಐವಿ ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಆದರೆ ಬಾಗಿಲು ತೆರೆದಿತ್ತು, ಎದುರುಮನೆಯಲ್ಲಿ ಲಿಜ್ಜಿ ಕಿಟಕಿಯ ಪರದೆ ಸರಿಸಿದ್ದಳು.

"ಟೀ ಚೆನ್ನಾಗಿತ್ತು ಅಮ್ಮ. ಥ್ಯಾಂಕ್ಸ್," ಎಂದು ಐವಿ ಹೊಸ್ತಿಲು ದಾಟಿದಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಟೀ ಕುಡಿದವಳು, ಒಂದು ದಿನವೂ ಅದಕ್ಕೆ ಥ್ಯಾಂಕ್ಸ್ ಹೇಳಿದವಳಲ್ಲ.

ಮಾರ್ತಾ ಪಾತ್ರೆ ತೊಳೆಯುತ್ತಿದ್ದಾಗ ತಬಿತಾ ಪಕ್ಕಕ್ಕೆ ಬಂದು ನಿಂತಳು.

"ಅವಳಿಗೆ ಹೂವಿನ ಕಪ್ಪಲ್ಲಿ ಯಾಕೆ ಕೊಟ್ಟೆ?"

ಮಾರ್ತಾ ಕೈಯಲ್ಲಿದ್ದ ಗುಲಾಬಿ ಹೂವಿನ ಕಪ್ಪನ್ನು ಆಗ ನೋಡಿದಳು. "ಕೈಗೆ ಅದೇ ಸಿಕ್ತು ಅತ್ತೆ," ಎಂದಳು.

ಒರೆಸಿ ಒಳಗಿಡಲು ಬೀರು ತೆರೆದಳು. ಅಂಚು ಮುಕ್ಕಾದ ನೀಲಿ ಲೋಟ ಅಲ್ಲೇ ಇತ್ತು, ಎಲ್ಲಕ್ಕಿಂತ ಮುಂದೆ, ತುಸು ಒಂದು ಪಕ್ಕಕ್ಕೆ. ಹೂವಿನ ಕಪ್ಪು ತೆಗೆಯುವಾಗ ಅವಳೇ ಅದನ್ನು ಕೈಯಾರೆ ಪಕ್ಕಕ್ಕೆ ಸರಿಸಿದ್ದಳು.